ನೋಟ್ಸ್ ಪಿಡಿಎಫ್ ಮಾಡಿ ಹಾಕಿದರೆ ಎಲ್ಲ ವಿದ್ಯಾರ್ಥಿಗಳಿಗೂ ತಲುಪಿದಂತೆಯೇ?

“ನೋಟ್ಸ್ ಗ್ರೂಪಿಗೆ ಹಾಕಿದ್ದೇನೆ, ಎಲ್ಲರೂ ಡೌನ್‌ಲೋಡ್ ಮಾಡಿಕೊಳ್ಳಿ.” ಕೊರೊನಾ ಕಾಲದಲ್ಲಿ ಶುರುವಾದ ಈ ಮಾತು ಕಾಲೇಜುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗಲೂ ಕಾಣಿಸುತ್ತಲೇ ಇರುತ್ತದೆ. ಫೈಲ್ ಹೋಯಿತು, ಎರಡು ನೀಲಿ ಗೆರೆ ಬಂತು, ಅಲ್ಲಿಗೆ ಎಲ್ಲರಿಗೂ ಪಾಠ ತಲುಪಿತು ಎಂಬ ನಂಬಿಕೆ. ನಾನೂ ಹಾಗೆಯೇ ನಂಬಿದ್ದೆ, ಎಂಎ ಓದುವಾಗ ಒಂದು ರಾತ್ರಿ ಫೋನ್ ಬರುವ ತನಕ.

ಫೋನ್ ಮಾಡಿದವಳು ನನಗಿಂತ ಎರಡು ವರ್ಷ ಕಿರಿಯಳು. ಅವಳಿಗೆ ತೀವ್ರ ಮಂದದೃಷ್ಟಿ. ಮೊಬೈಲಿನಲ್ಲಿರುವ ಅಕ್ಷರವನ್ನು ಮೊಬೈಲೇ ಓದಿ ಹೇಳಬೇಕು, ಆಗ ಮಾತ್ರ ಅವಳ ಓದು ಸಾಗುತ್ತದೆ. ಒಂದು ವಿಷಯದ ನೋಟ್ಸ್ 38 ಪುಟದ ಪಿಡಿಎಫ್ ಆಗಿ ಬಂದಿತ್ತು. ಕೈಬರಹದ ಪುಟಗಳ ಫೋಟೊ ತೆಗೆದು ಜೋಡಿಸಿದ ಫೈಲ್. ಅವಳ ಮೊಬೈಲಿಗೆ ಅದರಲ್ಲಿ ಓದಲು ಏನೂ ಇರಲಿಲ್ಲ. ಹಾಗಾಗಿ ನಾನು ಅದನ್ನು ಗಟ್ಟಿಯಾಗಿ ಓದಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ಹತ್ತೂವರೆಗೆ ಅವಳ ಫೋನ್: “ಅಕ್ಕ, ಹತ್ತನೇ ಪುಟ ಆದ ಮೇಲೆ ವಿಷಯ ಜಿಗಿದ ಹಾಗೆ ಅನ್ನಿಸುತ್ತಿದೆ. ಒಂದು ಸಲ ನೋಡ್ತೀರಾ?” ನೋಡಿದೆ. ಹನ್ನೊಂದನೇ ಪುಟದ ಫೋಟೊ ಅಡ್ಡವಾಗಿ ಬಂದಿತ್ತು. ಆಮೇಲೆ ಓದೋಣ ಎಂದು ದಾಟಿದವಳು ಮರೆತೇಬಿಟ್ಟಿದ್ದೆ. ಐದು ಅಂಕದ ಒಂದು ಪ್ರಶ್ನೆಗೆ ಬೇಕಾದ ಪಟ್ಟಿ ಆ ಪುಟದಲ್ಲಿತ್ತು.

ಆ ಪುಟ ಬಿಟ್ಟುಹೋದದ್ದು ನನ್ನ ತಪ್ಪು. ಆದರೆ ಅವಳ ಓದು ನನ್ನ ಗಮನದ ಮೇಲೆ ನಿಂತಿತ್ತು ಎಂಬುದು ಅದಕ್ಕಿಂತ ದೊಡ್ಡ ತೊಂದರೆ. ತರಗತಿಯ ಉಳಿದವರೆಲ್ಲ ಪುಟ ತಿರುಗಿಸಿ ನೋಡಬಹುದಾದದ್ದನ್ನು ಅವಳು ಇನ್ನೊಬ್ಬರನ್ನು ಕೇಳಿ ತಿಳಿಯಬೇಕಿತ್ತು.

ಆನ್‌ಲೈನ್‌ನಲ್ಲಿ ಇರುವುದು ಬೇರೆ, ಬಳಸಲು ಸಿಗುವುದು ಬೇರೆ. ಈ ಎರಡರ ನಡುವೆ ಏನಿದೆ, ಮುಖ್ಯವಾಗಿ ಕನ್ನಡದಲ್ಲಿ ಏನು ಅಡ್ಡ ಬರುತ್ತದೆ, ಅದನ್ನು ಸರಿಪಡಿಸಲು ಎಷ್ಟು ಕೆಲಸ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸ್ಕ್ರೀನ್ ರೀಡರ್ ಹೇಗೆ ಓದುತ್ತದೆ?

ಕಣ್ಣು ಕಾಣದವರು ಕಂಪ್ಯೂಟರ್ ಅಥವಾ ಮೊಬೈಲ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಸಹಾಯದಿಂದ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಇರುತ್ತವೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬುದು ಉಚಿತವಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು ಅದನ್ನು 2006ರಲ್ಲಿ ಕಟ್ಟಲು ತೊಡಗಿದರು. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೂ ಕಂಪ್ಯೂಟರ್ ಸಿಗಬೇಕು ಎಂಬುದು ಅವರ ಉದ್ದೇಶವಾಗಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಸ್ಕ್ರೀನ್ ರೀಡರ್ ಪರದೆಯನ್ನು ನಮ್ಮ ಹಾಗೆ ‘ನೋಡಿ’ ಓದುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಪರದೆಯ ಮೇಲೆ ಕಾಣುವ ಆಕಾರದ ಹಿಂದೆ ಯಾವ ಅಕ್ಷರದ ಸಂಕೇತ ಇದೆ ಎಂಬುದನ್ನು ಅದು ಕೇಳುತ್ತದೆ. ಹಿಂದೆ ‘ಕ’ ಇದ್ದರೆ ‘ಕ’ ಎನ್ನುತ್ತದೆ. ಹಿಂದೆ ಬರೇ ಚಿತ್ರ ಇದ್ದರೆ ಸುಮ್ಮನಿರುತ್ತದೆ ಅಥವಾ ‘ಇಮೇಜ್’ ಎಂದು ಹೇಳಿ ಮುಂದೆ ಹೋಗುತ್ತದೆ. ಇತ್ತೀಚೆಗೆ ಚಿತ್ರದಲ್ಲಿರುವ ಅಕ್ಷರವನ್ನು ಊಹಿಸಿ ಓದುವ ಸೌಲಭ್ಯಗಳೂ ಬಂದಿವೆ. ಆದರೆ ಮಬ್ಬು ಬೆಳಕಿನಲ್ಲಿ ತೆಗೆದ ಕೈಬರಹದ ಫೋಟೊ ಎದುರಾದರೆ ಅವು ಏನೇನೋ ಓದುತ್ತವೆ. ಕನ್ನಡದ ಒತ್ತಕ್ಷರಗಳಲ್ಲಿ ಎಡವುವುದು ಇನ್ನೂ ಹೆಚ್ಚು.

‘ಕನ್ನಡ ಎಂದು ಕಾಣುತ್ತಿದೆಯಲ್ಲ, ಹಾಗಿದ್ದರೆ ಅದು ಕನ್ನಡವೇ’ — ಇದು ನಿಜವಲ್ಲ

ಇದು ನಮ್ಮಲ್ಲಿ ಹೆಚ್ಚಿನವರು ಗಮನಿಸದ ಸಮಸ್ಯೆ. ಇಂಗ್ಲಿಷಿನಲ್ಲಿ ಈ ವಿಷಯ ಬರೆಯುವವರಿಗೆ ಇದು ಎದುರಾಗುವುದೇ ಇಲ್ಲ.

ಒಬ್ಬ ಉಪನ್ಯಾಸಕರು ಕಷ್ಟಪಟ್ಟು ನೋಟ್ಸ್ ಟೈಪ್ ಮಾಡಿದ್ದಾರೆ ಎಂದುಕೊಳ್ಳಿ. ಫೋಟೊ ಅಲ್ಲ, ಅಚ್ಚುಕಟ್ಟಾದ ಕನ್ನಡ ಅಕ್ಷರ. ಆದರೂ ಸ್ಕ್ರೀನ್ ರೀಡರ್ ಅದನ್ನು ತೆರೆದ ಕೂಡಲೇ “ಪಿ, ಎ, ಪೌಂಡ್, ಎ...” ಎಂದು ಏನೋ ಹೇಳತೊಡಗುತ್ತದೆ. ಏಕೆ?

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಹಿಂದೆ ಸಾಮಾನ್ಯ ಕಂಪ್ಯೂಟರುಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳ ಅಕ್ಷರಗಳಿಗೆ ಮಾತ್ರ ಅಂಥ ಜಾಗ ಇತ್ತು. ಹಾಗಾಗಿ ಕನ್ನಡ ಫಾಂಟ್ ಮಾಡಿದವರು ಒಂದು ಜಾಣ ಉಪಾಯ ಮಾಡಿದರು: ಆ ಜಾಗಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ಇಂಗ್ಲಿಷಿನ ದೊಡ್ಡ ‘ಪಿ’ ಇದ್ದಲ್ಲಿ ಕಕಾರದ ಕೆಳಭಾಗ, ನೆತ್ತಿಯ ಮೇಲೆ ಓರೆ ಗೆರೆ ಇರುವ ‘ಎ’ ಇದ್ದಲ್ಲಿ ತಲೆಕಟ್ಟು. ಎರಡೂ ಸೇರಿದರೆ ನಮ್ಮ ಕಣ್ಣಿಗೆ ‘ಕ’. ಬ್ರಿಟಿಷ್ ಪೌಂಡ್ ಹಣದ ಚಿಹ್ನೆ ಇದ್ದಲ್ಲಿ ‘ನ’ದ ತುಂಡು. ಜರ್ಮನ್ ಭಾಷೆಯ ವಿಶೇಷ ‘ಎಸ್’ ಇದ್ದಲ್ಲಿ ನಕಾರದ ಒತ್ತು. ಹೀಗೆ ‘ಕನ್ನಡ’ ಎಂಬ ಪದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಇದ್ದರೆ, ಫೈಲಿನ ಒಳಗೆ ಇರುವುದು ಏಳು ವಿದೇಶಿ ಚಿಹ್ನೆಗಳ ಸಾಲು. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಕನ್ನಡದ ವೇಷ ಹಾಕಿದ ಇಂಗ್ಲಿಷ್ ಎಂದರೂ ಸರಿಯೇ. ಫಾಂಟ್ ಎಂಬ ವೇಷ ಕಳಚಿದರೆ ಒಳಗಿನದ್ದು ಹೊರಗೆ ಬರುತ್ತದೆ. ಹಳೆಯ ಕನ್ನಡ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ವಿಚಿತ್ರ ಅಕ್ಷರಗಳ ರಾಶಿ ಬರುವುದನ್ನು ನೀವೂ ನೋಡಿರಬಹುದು, ಅದು ಇದೇ.

ಯುನಿಕೋಡ್ ಇದಕ್ಕೆ ಪರಿಹಾರವಾಗಿ ಬಂತು. ಜಗತ್ತಿನ ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಯುನಿಕೋಡಿನಲ್ಲಿ ‘ಕನ್ನಡ’ ಎಂದರೆ ಐದು ಸಂಕೇತ: ಕ, ನ, ಹಲಂತದ ಚಿಹ್ನೆ, ನ, ಡ. ಸ್ಕ್ರೀನ್ ರೀಡರಿಗೆ ಇದು ಸರಿಯಾಗಿ ಗೊತ್ತಾಗುತ್ತದೆ. ನೀವು ಮೊಬೈಲಿನಲ್ಲಿ ಟೈಪ್ ಮಾಡುವ ಕನ್ನಡವೆಲ್ಲ ಯುನಿಕೋಡೇ.

ಇದರಲ್ಲಿ ನುಡಿ, ಬರಹಗಳನ್ನು ದೂರುವಂಥದ್ದು ಏನಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ ಹೊರತಂದಾಗ, ಬಳಿಕ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿದಾಗ, ಸಾಮಾನ್ಯ ಜನರ ಕಂಪ್ಯೂಟರಿನಲ್ಲಿ ಕನ್ನಡ ಮೂಡಲು ಬೇರೆ ದಾರಿ ಹೆಚ್ಚು ಇರಲಿಲ್ಲ. ಅವು ಇಲ್ಲದಿದ್ದರೆ ನಮ್ಮಲ್ಲಿ ಕನ್ನಡ ಟೈಪಿಂಗ್ ಇಷ್ಟು ಹಬ್ಬುತ್ತಲೂ ಇರಲಿಲ್ಲ. ಈಗ ಎರಡರಲ್ಲಿಯೂ ಯುನಿಕೋಡಿನಲ್ಲಿ ಬರೆಯುವ ಆಯ್ಕೆ ಇದೆ. ಕೀಲಿಮಣೆ ಅದೇ, ಬೆರಳಿನ ಅಭ್ಯಾಸ ಅದೇ, ಆಯ್ಕೆ ಬದಲಿಸಿದರೆ ಸಾಕು. ಆದರೂ ಹಳೆಯ ಫಾಂಟ್ ಉಳಿದುಕೊಂಡಿದೆ. ಅಚ್ಚುಕೂಟಗಳ ಹಳೆಯ ಪುಟವಿನ್ಯಾಸ ತಂತ್ರಾಂಶಗಳಲ್ಲಿ ಕನ್ನಡ ಯುನಿಕೋಡ್ ಸರಿಯಾಗಿ ಮೂಡುವುದಿಲ್ಲ ಎಂಬುದು ಒಂದು ಕಾರಣ. ಪೆನ್‌ಡ್ರೈವಿನಲ್ಲಿ ಹದಿನೈದು ವರ್ಷದಿಂದ ಜೋಪಾನವಾಗಿರುವ ನೋಟ್ಸನ್ನು ಯಾರೂ ಮತ್ತೆ ಟೈಪ್ ಮಾಡುವುದಿಲ್ಲ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದು ಎಂದು ನನ್ನ ಅಂದಾಜು.

ಹಳೆಯ ಫೈಲನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಒಂದು ಎಚ್ಚರಿಕೆ. ನಮ್ಮ ನೋಟ್ಸಿನಲ್ಲಿ ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದಗಳು ಇದ್ದೇ ಇರುತ್ತವೆ. ಪರಿವರ್ತಕಕ್ಕೆ ನಿಜವಾದ ಇಂಗ್ಲಿಷ್ ಯಾವುದು, ವೇಷದ ಇಂಗ್ಲಿಷ್ ಯಾವುದು ಎಂದು ತಿಳಿಯುವುದಿಲ್ಲ. ಅದು ಎರಡನ್ನೂ ಕನ್ನಡ ಮಾಡಿಬಿಡುತ್ತದೆ. ಅರ್ಕಾವತ್ತು ಇರುವ ಪದಗಳೂ ಕೆಲವೊಮ್ಮೆ ಕೆಡುತ್ತವೆ. ಹಾಗಾಗಿ ಪರಿವರ್ತಿಸಿದ ಮೇಲೆ ಒಂದು ಸಲ ಪೂರ್ತಿ ಓದಿ ನೋಡಲೇಬೇಕು.

ನಿಮ್ಮ ಫೈಲ್ ಓದಲು ಸಿಗುತ್ತದೆಯೇ? ಅರ್ಧ ನಿಮಿಷದ ಪರೀಕ್ಷೆ

ಪಿಡಿಎಫ್ ತೆರೆಯಿರಿ. ಒಂದು ಸಾಲಿನ ಮೇಲೆ ಬೆರಳು ಒತ್ತಿ ಹಿಡಿದು ಆರಿಸಲು ನೋಡಿ. ಆರಿಸಲು ಬಾರದಿದ್ದರೆ ಸಾಮಾನ್ಯವಾಗಿ ಅದು ಚಿತ್ರ. ಆರಿಸಲು ಬಂದರೆ ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಅದೇ ಕನ್ನಡ ಸಾಲು ಬಂದರೆ ಸರಿ. ಪೌಂಡ್ ಚಿಹ್ನೆ, ವಿಚಿತ್ರ ‘ಎ’ಗಳು ಬಂದರೆ ಹಳೆಯ ಫಾಂಟ್. ಕನ್ನಡವೇ ಬಂದು ಒತ್ತಕ್ಷರಗಳು ಮಾತ್ರ ಚೆಲ್ಲಾಪಿಲ್ಲಿಯಾಗಿದ್ದರೆ, ಬರೆದದ್ದು ಯುನಿಕೋಡಿನಲ್ಲೇ ಆದರೂ ಪಿಡಿಎಫ್ ಮಾಡುವಾಗ ಸಂಕೇತಗಳ ನಂಟು ತಪ್ಪಿದೆ ಎಂದರ್ಥ. ಕನ್ನಡದಲ್ಲಿ ಇದು ಆಗುತ್ತಲೇ ಇರುತ್ತದೆ. ಪ್ರಿಂಟ್ ಆಯ್ಕೆಯ ಮೂಲಕ ಪಿಡಿಎಫ್ ಮಾಡುವ ಬದಲು ವರ್ಡ್‌ನಲ್ಲಿಯೇ ಇರುವ ‘ಸೇವ್ ಆ್ಯಸ್’ ಬಳಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಸರಿಹೋಗದಿದ್ದರೆ ಪಿಡಿಎಫ್ ಜೊತೆಗೆ ಮೂಲ ವರ್ಡ್ ಫೈಲನ್ನೂ ಹಾಕಿಬಿಡುವುದು ಉತ್ತಮ. ಯಾರಾದರೂ ತಿದ್ದಿಬಿಟ್ಟಾರು ಎಂಬ ಭಯದಿಂದ ಹಲವರು ವರ್ಡ್ ಫೈಲ್ ಕೊಡುವುದಿಲ್ಲ. ವಿದ್ಯಾರ್ಥಿ ತನ್ನ ಪ್ರತಿಯನ್ನು ತಿದ್ದಿಕೊಂಡರೆ ಉಪನ್ಯಾಸಕರಿಗೆ ನಷ್ಟವೇನು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಅಚ್ಚಾದ ಪುಟಗಳ ಫೋಟೊ ಮಾತ್ರ ಇದ್ದರೆ ಅದನ್ನು ಗೂಗಲ್ ಡ್ರೈವಿಗೆ ಹಾಕಿ ‘ಗೂಗಲ್ ಡಾಕ್ಸ್’ನಲ್ಲಿ ತೆರೆದರೆ ಚಿತ್ರದ ಅಕ್ಷರ ಪಠ್ಯವಾಗಿ ಬರುತ್ತದೆ. ಕನ್ನಡಕ್ಕೂ ಇದು ಸಿಗುತ್ತದೆ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶವೂ ಕನ್ನಡ ಓದಬಲ್ಲದು. ಅಚ್ಚು ಸ್ಪಷ್ಟವಾಗಿದ್ದರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ, ತಿದ್ದುವ ಕೆಲಸ ಉಳಿಯುತ್ತದೆ. ಕೈಬರಹಕ್ಕೆ ಇದು ನಡೆಯುವುದು ಕಡಿಮೆ. ಅಲ್ಲಿ ಉಪನ್ಯಾಸಕರೇ ತಮ್ಮ ನೋಟ್ಸನ್ನು ಗಟ್ಟಿಯಾಗಿ ಓದುತ್ತಾ ಮೊಬೈಲಿನ ಧ್ವನಿ ಟೈಪಿಂಗ್ ಬಳಸುವುದು ಬೇಗ ಆಗುವ ದಾರಿ.

ಇದೆಲ್ಲ ಒಬ್ಬಿಬ್ಬರಿಗಾಗಿ ಅಲ್ಲವೇ?

ಹೆಚ್ಚಾಗಿ ಕೇಳಿಬರುವ ಆಕ್ಷೇಪ ಇದು. “ನಮ್ಮ ತರಗತಿಯಲ್ಲಿ ಅಂಥವರು ಯಾರೂ ಇಲ್ಲ” ಎಂಬುದು ಇದರದ್ದೇ ಇನ್ನೊಂದು ರೂಪ.

2011ರ ಜನಗಣತಿ ಪ್ರಕಾರ ಭಾರತದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13 ಲಕ್ಷ ವಿಕಲಚೇತನರಿದ್ದಾರೆ. ಆಗ ಲೆಕ್ಕ ಹಾಕಿದ್ದು ಕೆಲವೇ ಬಗೆಯ ನ್ಯೂನತೆಗಳನ್ನು. ಆಮೇಲೆ ಬಂದ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಓದಿನ ತೊಡಕಾದ ಡಿಸ್ಲೆಕ್ಸಿಯಾದಂಥವೂ ಅದರಲ್ಲಿ ಸೇರಿವೆ. ಇವು ಹೊರಗೆ ಕಾಣುವುದಿಲ್ಲ. ಪ್ರಮಾಣಪತ್ರ ಮಾಡಿಸಿರುವುದೂ ಇಲ್ಲ. ಕಾಲೇಜಿನಲ್ಲಿ ಹೇಳಿಕೊಂಡರೆ ಎಲ್ಲರೂ ಬೇರೆ ಕಣ್ಣಿನಿಂದ ನೋಡಿಯಾರು ಎಂದು ಬಾಯಿ ಬಿಡದವರೂ ಇದ್ದಾರೆ. ‘ಯಾರೂ ಇಲ್ಲ’ ಎಂದರೆ ‘ಯಾರೂ ಹೇಳಿಲ್ಲ’ ಎಂಬ ಅರ್ಥವೂ ಇರಬಹುದು.

ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ದೇಶದಲ್ಲಿ ಆ ಸಲ ಆಯ್ಕೆಯಾದ ಎಂಟು ತೀರಗಳಲ್ಲಿ ಕರ್ನಾಟಕದ್ದು ಎರಡು, ಇನ್ನೊಂದು ಹೊನ್ನಾವರದ ಕಾಸರಕೋಡು. ನೀರಿನ ಶುದ್ಧತೆ, ಸುರಕ್ಷತೆಗಳ ಜೊತೆಗೆ ವಿಕಲಚೇತನರು ತೀರಕ್ಕೆ ಬರಲು ಅನುಕೂಲ ಇದೆಯೇ ಎಂಬುದನ್ನೂ ಆ ಮಾನ್ಯತೆಯ ಮಾನದಂಡಗಳು ನೋಡುತ್ತವೆ. ಅಲ್ಲಿ ಇಳಿಜಾರು ದಾರಿ ಏಕೆ ಎಂದು ನಮ್ಮೂರಿನಲ್ಲಿ ಯಾರೂ ಕೇಳಿದ್ದು ನಾನು ಕೇಳಿಲ್ಲ. ಮಂಡಿನೋವಿನ ಅಜ್ಜಿ, ಮಗುವನ್ನು ತಳ್ಳುಗಾಡಿಯಲ್ಲಿ ತರುವವರು, ಸಾಮಾನು ಎಳೆದು ತರುವವರು ಎಲ್ಲರಿಗೂ ಅದು ಬೇಕಾಗುತ್ತದೆ. ಫೈಲಿನಲ್ಲಿ ಇರುವ ಮೆಟ್ಟಿಲು ಕಣ್ಣಿಗೆ ಕಾಣುವುದಿಲ್ಲ, ವ್ಯತ್ಯಾಸ ಅಷ್ಟೇ.

ಫೈಲಿನ ವಿಷಯದಲ್ಲಿಯೂ ಲಾಭ ಒಬ್ಬರಿಗೇ ನಿಲ್ಲುವುದಿಲ್ಲ. ಸರಳ ಲೆಕ್ಕ ನೋಡಿ. ಮೊಬೈಲಿನಲ್ಲಿ ತೆಗೆದ ಒಂದು ಪುಟದ ಫೋಟೊ ಒಂದೂವರೆ ಎಂಬಿ ಎಂದಿಟ್ಟುಕೊಂಡರೆ 30 ಪುಟಕ್ಕೆ 45 ಎಂಬಿ. ಅದೇ ಯುನಿಕೋಡ್ ಪಠ್ಯವಾದರೆ, ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್, ಪುಟಕ್ಕೆ ಸುಮಾರು 1,500 ಸಂಕೇತ, 30 ಪುಟದ ಬರಹಕ್ಕೆ ಒಟ್ಟು 135 ಕೆಬಿ ಸುಮಾರು. ಫಾಂಟ್, ವಿನ್ಯಾಸ ಸೇರಿದರೂ ಒಂದು ಎಂಬಿ ದಾಟುವುದು ಅಪರೂಪ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಕಾರ್ಕಳದ ಆಚೆ ಘಟ್ಟದ ಬುಡದ ಮನೆಯಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ ತೋರಿಸುವಾಗ 45 ಎಂಬಿ ಇಳಿಸಲು ನೋಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಪಠ್ಯ ಪಠ್ಯವಾಗಿಯೇ ಇದ್ದರೆ ಬೇಕಾದ ಪದವನ್ನು ಹುಡುಕಬಹುದು, ಅಕ್ಷರ ದೊಡ್ಡದು ಮಾಡಿದಾಗ ಸಾಲು ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವವರು ಮೊಬೈಲಿನಿಂದ ಓದಿಸಿ ಕೇಳಿಕೊಳ್ಳಲೂಬಹುದು.

ಪಠ್ಯ ಸರಿಯಾದ ಮೇಲೆ?

ಇಲ್ಲಿಂದ ಮುಂದಿನ ಕೆಲಸ ಅಷ್ಟು ಭಾರವಲ್ಲ, ಹೆಚ್ಚಿನದ್ದು ಅಭ್ಯಾಸದ ವಿಷಯ.

ಶೀರ್ಷಿಕೆಗಳಿಂದ ಶುರು ಮಾಡೋಣ. ಅಕ್ಷರ ದಪ್ಪ ಮಾಡಿ, ದೊಡ್ಡದು ಮಾಡಿ ಶೀರ್ಷಿಕೆ ಎಂದು ತೋರಿಸುವುದು ನಮ್ಮ ರೂಢಿ. ಕಣ್ಣಿಗೆ ಅದು ಸಾಕು, ಸ್ಕ್ರೀನ್ ರೀಡರಿಗೆ ಸಾಲದು. ವರ್ಡ್‌ನಲ್ಲಿ ‘ಹೆಡಿಂಗ್’ ಎಂಬ ಶೈಲಿಯನ್ನು ಆರಿಸಿದರೆ ಮಾತ್ರ ಅದಕ್ಕೆ ಇದು ಶೀರ್ಷಿಕೆ ಎಂದು ತಿಳಿಯುತ್ತದೆ. ಆಗ ಎನ್‌ವಿಡಿಎ ಬಳಸುವವರು ‘ಎಚ್’ ಕೀಲಿ ಒತ್ತುತ್ತಾ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ನನ್ನ ಗೆಳತಿಗೆ ನಾನು ಕಳಿಸಿದ ವಾಯ್ಸ್ ಮೆಸೇಜುಗಳಲ್ಲಿ ಇಲ್ಲದ್ದು ಇದೇ: ಎಲ್ಲಿ ಏನಿದೆ ಎಂದು ತಿಳಿಯುವ ದಾರಿ. ನಾಲ್ಕನೇ ಘಟಕದ ಒಂದು ವ್ಯಾಖ್ಯೆ ಬೇಕಿದ್ದರೆ ಇಪ್ಪತ್ತು ನಿಮಿಷ ಕೇಳಬೇಕಿತ್ತು.

ಭಾಷೆಯನ್ನೂ ಗುರುತು ಮಾಡಬೇಕು. ನಮ್ಮ ಕಡೆ ವಿದ್ಯಾರ್ಥಿ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುತ್ತಾರೆ, ಪಾಠ ಕನ್ನಡ, ಪಾರಿಭಾಷಿಕ ಪದ ಇಂಗ್ಲಿಷ್. ಫೈಲಿನಲ್ಲಿ ಭಾಷೆ ಯಾವುದು ಎಂದು ನಮೂದಿಸಿದ್ದರೆ ಸ್ಕ್ರೀನ್ ರೀಡರ್ ಕನ್ನಡಕ್ಕೆ ಕನ್ನಡ ಧ್ವನಿ, ಇಂಗ್ಲಿಷಿಗೆ ಇಂಗ್ಲಿಷ್ ಧ್ವನಿ ಬಳಸಬಲ್ಲದು. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎಂಬ ಧ್ವನಿಯಲ್ಲಿ ಕನ್ನಡ ಇದೆ. ಅದು ಯಂತ್ರದ ಹಾಗೆಯೇ ಕೇಳಿಸುತ್ತದೆ, ಆದರೆ ವೇಗವಾಗಿ ಕೇಳುವವರಿಗೆ ಅದೇ ಇಷ್ಟ. ಕೇಳಲು ಇನ್ನಷ್ಟು ಸಹಜವಾದ ಕನ್ನಡ ಧ್ವನಿಗಳು ಆಂಡ್ರಾಯ್ಡ್‌ನಲ್ಲಿ, ಎಡ್ಜ್ ಬ್ರೌಸರಿನಲ್ಲಿ ಇವೆ.

ಚಿತ್ರಕ್ಕೆ ವಿವರಣೆ ಬರೆಯುವುದು ಸ್ವಲ್ಪ ಯೋಚನೆ ಬೇಡುವ ಕೆಲಸ. ಭೂಗೋಳದ ನೋಟ್ಸಿನಲ್ಲಿ ಉಡುಪಿ ಜಿಲ್ಲೆಯ ನದಿಗಳ ನಕ್ಷೆ ಇದೆ ಎನ್ನೋಣ. ‘ಚಿತ್ರ 3’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಜಿಲ್ಲೆಯ ನಕ್ಷೆ. ಸೀತಾ ಮತ್ತು ಸ್ವರ್ಣಾ ನದಿಗಳು ಪೂರ್ವದ ಘಟ್ಟದ ಕಡೆಯಿಂದ ಪಶ್ಚಿಮಕ್ಕೆ ಹರಿದು, ಕೋಡಿ ಬೆಂಗ್ರೆಯ ಬಳಿ ಒಂದೇ ಅಳಿವೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತವೆ’ ಎಂದು ಬರೆದರೆ ನಕ್ಷೆ ಏಕಿದೆ ಎಂಬುದು ಗೊತ್ತಾಗುತ್ತದೆ. ನಕ್ಷೆಯ ಬಣ್ಣ, ಅಂಚಿನ ವಿನ್ಯಾಸ ವಿವರಿಸಬೇಕಿಲ್ಲ. ಫೋನಿನಲ್ಲಿ ಒಬ್ಬರಿಗೆ ಆ ಚಿತ್ರವನ್ನು ಹೇಳಬೇಕಾದರೆ ಏನು ಹೇಳುತ್ತೀರೋ ಅಷ್ಟೇ. ವಿಡಿಯೊ ಪಾಠದಲ್ಲಿಯೂ ಇದೇ ಮಾತು. “ಈ ಗೆರೆ ಹೀಗೆ ಹೋಗಿ ಇಲ್ಲಿ ಸೇರುತ್ತದೆ, ನೋಡಿ” ಎಂಬ ವಾಕ್ಯದಲ್ಲಿ ನೋಡದವರಿಗೆ ಏನೂ ಇಲ್ಲ. “ಬೆಲೆ ಏರಿದಂತೆ ಬೇಡಿಕೆಯ ಪ್ರಮಾಣ ಇಳಿಯುತ್ತದೆ ಎಂದು ಈ ಗೆರೆ ತೋರಿಸುತ್ತದೆ” ಎಂದರೆ ನೋಡುವವರಿಗೂ ಹೆಚ್ಚು ಅರ್ಥವಾಗುತ್ತದೆ.

ಬಣ್ಣದ ಬಗ್ಗೆ ಎರಡೇ ಮಾತು. ಕೆಂಪು, ಹಸಿರುಗಳ ವ್ಯತ್ಯಾಸ ತಿಳಿಯದ ವರ್ಣಾಂಧತೆ ಗಂಡಸರಲ್ಲಿ ಹೆಚ್ಚು, ಹಾಗಾಗಿ ‘ಕೆಂಪು ಅಕ್ಷರದಲ್ಲಿರುವುದು ಮುಖ್ಯ’ ಎನ್ನುವ ಬದಲು ‘ಮುಖ್ಯ’ ಎಂದೇ ಬರೆಯಿರಿ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬೆಳಕಿನ ಅನುಪಾತ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕು ಎಂದು ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಹಳದಿ ಅಕ್ಷರ ಇರುವ ಸ್ಲೈಡುಗಳು ಇದರ ಹತ್ತಿರವೂ ಬರುವುದಿಲ್ಲ.

ಕಿವಿ ಕೇಳದವರಿಗೆ ಬರಹ ಇದ್ದರೆ ಸಾಕೇ?

ಸಾಕು ಎಂದು ನಾನೂ ಅಂದುಕೊಂಡಿದ್ದೆ. ವಿಡಿಯೊ ಪಾಠಕ್ಕೆ ಕ್ಯಾಪ್ಶನ್, ಅಂದರೆ ಮಾತಿನ ಬರಹರೂಪ, ಅತ್ಯಗತ್ಯ. ತಂತ್ರಾಂಶವೇ ತಯಾರಿಸುವ ಕ್ಯಾಪ್ಶನ್ ಕನ್ನಡದಿಂದ ಇಂಗ್ಲಿಷಿಗೆ, ನಡುವೆ ತುಳುವಿಗೆ ಜಿಗಿಯುವ ನಮ್ಮ ತರಗತಿಯ ಮಾತಿಗೆ ಹೊಂದುವುದಿಲ್ಲ. ಪಾರಿಭಾಷಿಕ ಪದಗಳು, ಹೆಸರುಗಳು, ಸಂಖ್ಯೆಗಳನ್ನಾದರೂ ಕೈಯಿಂದ ತಿದ್ದಬೇಕು.

ಆದರೆ ಹುಟ್ಟಿನಿಂದ ಕಿವಿ ಕೇಳದ, ಸಂಜ್ಞೆಯಲ್ಲೇ ಬೆಳೆದ ಹಲವರಿಗೆ ಮೊದಲ ಭಾಷೆ ಭಾರತೀಯ ಸಂಜ್ಞಾ ಭಾಷೆ. ಅದು ಕನ್ನಡವನ್ನು ಕೈಯಿಂದ ಹೇಳುವ ವಿಧಾನ ಅಲ್ಲ. ಅದಕ್ಕೆ ಅದರದ್ದೇ ವ್ಯಾಕರಣ ಇದೆ. ಅವರಿಗೆ ಬರಹದ ಕನ್ನಡ ಎರಡನೆಯ ಭಾಷೆ. ಉದ್ದುದ್ದ ಸಮಾಸಗಳ ಗ್ರಾಂಥಿಕ ಕನ್ನಡ ಅವರಿಗೆ ದುಪ್ಪಟ್ಟು ಕಷ್ಟ. ಕ್ಯಾಪ್ಶನ್ ಜೊತೆಗೆ ಚಿಕ್ಕ ವಾಕ್ಯಗಳ ಸಾರಾಂಶ, ಹೊಸ ಪದಗಳ ಪಟ್ಟಿ ಕೊಟ್ಟರೆ ಉಪಯೋಗ ಹೆಚ್ಚು. ಸಂಜ್ಞಾ ಭಾಷೆಯ ಅನುವಾದಕರು ನಮ್ಮ ಕಡೆಯ ಕಾಲೇಜುಗಳಿಗೆ ಸುಲಭವಾಗಿ ಸಿಗುವುದಿಲ್ಲ. ಇದನ್ನು ಒಬ್ಬ ಉಪನ್ಯಾಸಕರ ಮೇಲೆ ಹೊರಿಸಲೂ ಆಗುವುದಿಲ್ಲ, ಅದು ಸಂಸ್ಥೆಯ ಕೆಲಸ.

ಕೈಗಳ ಚಲನೆ ಸೀಮಿತವಾಗಿರುವವರಿಗೆ ಬೇರೆ ತೊಡಕು. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲ ಗುಂಡಿಗಳನ್ನು ತಲುಪಲು ಆಗಬೇಕು. ಹತ್ತು ನಿಮಿಷದಲ್ಲಿ ತಾನಾಗಿ ಮುಚ್ಚಿಕೊಳ್ಳುವ ಆನ್‌ಲೈನ್ ಕ್ವಿಜ್ ಅವರ ಜ್ಞಾನವನ್ನು ಅಳೆಯುವುದಿಲ್ಲ, ಬೆರಳಿನ ವೇಗವನ್ನು ಅಳೆಯುತ್ತದೆ. ಹೆಚ್ಚಿನ ಕ್ವಿಜ್ ವ್ಯವಸ್ಥೆಗಳಲ್ಲಿ ಒಬ್ಬೊಬ್ಬರಿಗೆ ಬೇರೆ ಸಮಯ ಕೊಡುವ ಸೌಲಭ್ಯ ಇರುತ್ತದೆ.

ಕಾಪಿರೈಟ್ ಅಡ್ಡ ಬರುತ್ತದೆಯೇ?

ಗ್ರಂಥಾಲಯದ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಂಧ ವಿದ್ಯಾರ್ಥಿಗೆ ಕೊಟ್ಟರೆ ಕಾನೂನು ಮೀರಿದಂತೆ ಎಂಬ ಭಯ ಹಲವರಲ್ಲಿದೆ. ಭಾರತದಲ್ಲಿ ಹಾಗಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ಇದ್ದ ರೂಪದಲ್ಲಿ ಪುಸ್ತಕ ಓದಲಾಗದ ವಿಕಲಚೇತನರ ಓದು, ಸಂಶೋಧನೆಗಾಗಿ, ಲಾಭದ ಉದ್ದೇಶವಿಲ್ಲದೆ, ಅವರು ಬಳಸಬಹುದಾದ ರೂಪದಲ್ಲಿ ಪ್ರತಿ ಮಾಡಲು ಅನುಮತಿ ಬೇಕಿಲ್ಲ. ಆ ಪ್ರತಿ ಬೇರೆಯವರ ವ್ಯಾಪಾರಕ್ಕೆ ಹೋಗದಂತೆ ನೋಡಿಕೊಳ್ಳಬೇಕು. ಇಂಥ ಪುಸ್ತಕಗಳು ದೇಶದಿಂದ ದೇಶಕ್ಕೂ ಹೋಗಲಿ ಎಂದು ಮಾಡಿದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳೂ ಇವೆ. ಅಚ್ಚಿನ ಪುಸ್ತಕ ಓದಲಾಗದವರು ಸದಸ್ಯರಾಗಬಹುದು.

ಇದು ಉಪಕಾರವೇ, ಹಕ್ಕೇ?

ಹಕ್ಕು. 2016ರ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಶೇ. 40 ಅಥವಾ ಹೆಚ್ಚಿನ ನ್ಯೂನತೆ ಇರುವವರಿಗೆ ಮೀಸಲಿಡಬೇಕು ಎನ್ನುತ್ತದೆ ಅದರ 32ನೇ ಕಲಂ. 42ನೇ ಕಲಂ, ಧ್ವನಿ, ಮುದ್ರಣ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯವೆಲ್ಲ ಎಲ್ಲರೂ ಬಳಸಬಹುದಾದ ರೂಪದಲ್ಲಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. ಸೀಟು ಕೊಟ್ಟು ನೋಟ್ಸ್ ಕೊಡದಿದ್ದರೆ ಮೊದಲನೆಯದಕ್ಕೆ ಅರ್ಥ ಇಲ್ಲ. ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಐಎಸ್ 17802 ಎಂಬ ಭಾರತೀಯ ಮಾನಕವನ್ನು 2023ರಲ್ಲಿ ಕಾಯ್ದೆಯ ನಿಯಮಗಳಿಗೆ ಸೇರಿಸಲಾಗಿದೆ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಬ್ಯಾಂಕಿನ ಆನ್‌ಲೈನ್ ಪರಿಶೀಲನೆಯಲ್ಲಿ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಬೇಕು ಎಂಬ ನಿಯಮದಿಂದ ಆಸಿಡ್ ದಾಳಿಗೆ ಒಳಗಾದವರಿಗೆ, ಅಂಧರಿಗೆ ಆದ ತೊಂದರೆಯ ಪ್ರಕರಣ ಅದು. ಡಿಜಿಟಲ್ ಸೇವೆಗಳನ್ನು ಬಳಸಲು ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು.

ವಿದ್ಯಾರ್ಥಿ ಏನು ಕೇಳಬಹುದು?

ಸೆಮಿಸ್ಟರ್ ಶುರುವಾಗುವಾಗಲೇ, ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಕೇಳುವುದು ಒಳ್ಳೆಯದು. ‘ನನಗೆ ಸಹಾಯ ಮಾಡಿ’ ಎನ್ನುವ ಬದಲು ಬೇಕಾದ್ದನ್ನು ನಿಖರವಾಗಿ ಬರೆಯಿರಿ: ನೋಟ್ಸ್ ಯುನಿಕೋಡ್ ಕನ್ನಡದಲ್ಲಿ, ವರ್ಡ್ ಫೈಲಾಗಿ, ಪಾಠ ಆದ ಇಷ್ಟು ದಿನದೊಳಗೆ ಬೇಕು ಎಂದು. ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಪ್ರತಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಬೇಕು, ಸರ್ಕಾರಿ ಸಂಸ್ಥೆಗಳಲ್ಲಿ ದೂರು ಪರಿಹಾರ ಅಧಿಕಾರಿ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಮೊದಲು ಅವರನ್ನು ಕಾಣಿ. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು.

ಜೊತೆಯಲ್ಲಿ ಓದುವವರು ಓದಿ ಹೇಳುವುದಾದರೆ ಪುಟಸಂಖ್ಯೆಯನ್ನೂ ಗಟ್ಟಿಯಾಗಿ ಹೇಳಿ. “ಈಗ ಹನ್ನೊಂದನೇ ಪುಟ” ಎಂದು ಹೇಳುವ ಅಭ್ಯಾಸ ನನಗೆ ಆಗ ಇದ್ದಿದ್ದರೆ, ಯಾವ ಪುಟ ತಪ್ಪಿದೆ ಎಂಬುದು ಅವಳಿಗೆ ಅಂದೇ ಗೊತ್ತಾಗುತ್ತಿತ್ತು.